ಬ್ರಹ್ಮಾವರದ ದೇವಾಲಯ: ನಮ್ಮವರೇ ಕಟ್ಟಿಕೊಂಡ ಬೇರೆ ಮನೆ

ಮದುವೆಗೋ ತೆನೆಹಬ್ಬಕ್ಕೋ ವರ್ಷಕ್ಕೊಮ್ಮೆಯಾದರೂ ಕರಾವಳಿಗೆ ಹೋಗಿಬರುವ ಕುಟುಂಬಗಳು ದಾವಣಗೆರೆ, ಹರಿಹರಗಳ ನಮ್ಮ ಕಥೋಲಿಕ ಸಮುದಾಯದಲ್ಲಿ ಕಡಿಮೆಯಿಲ್ಲ. ಉಡುಪಿಯಿಂದ ಕುಂದಾಪುರದ ದಿಕ್ಕಿಗೆ ಹೊರಟವರು ಕಲ್ಯಾಣಪುರದ ಬಳಿ ಸುವರ್ಣಾ ನದಿಯನ್ನು ದಾಟಿ ಸ್ವಲ್ಪ ಹೊತ್ತಿನಲ್ಲಿಯೇ ಬ್ರಹ್ಮಾವರವನ್ನು ತಲಪುತ್ತಾರೆ. ಅಲ್ಲಿ ಸಂತ ಮೇರಿಯ ಹೆಸರಿನ ಒಂದು ದೇವಾಲಯವಿದೆ. ಅಲ್ಲಿಗೆ ಪ್ರಾರ್ಥನೆಗೆ ಬರುವವರ ಮನೆಮಾತು ಕೊಂಕಣಿ. ಅವರ ಮನೆತನದ ಹೆಸರುಗಳು ನಮ್ಮವರ ಹೆಸರುಗಳೇ. ಅವರ ಅಜ್ಜಂದಿರೂ ನಮ್ಮ ಅನೇಕ ಕುಟುಂಬಗಳ ಅಜ್ಜಂದಿರೂ ಒಂದೇ ದೋಣಿಯಲ್ಲಿ ಗೋವೆಯಿಂದ ಇಳಿದು ಬಂದವರು. ಆದರೂ ಆ ದೇವಾಲಯ ನಮ್ಮದಲ್ಲ. ಅದು ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಗೆ ಸೇರಿದ್ದು. 2010ರಿಂದ ಬ್ರಹ್ಮಾವರವು ಆ ಸಭೆಯ ಒಂದು ಧರ್ಮಪ್ರಾಂತ್ಯದ ಕೇಂದ್ರಸ್ಥಾನವೂ ಆಗಿದೆ.

ಇದು ಹೇಗಾಯಿತೆಂಬ ಪ್ರಶ್ನೆ ನಮ್ಮ ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಲ್ಲಿಯೂ ಆಗಾಗ ಬರುತ್ತದೆ. ಹೆಚ್ಚಾಗಿ ಬರುವುದು ಮದುವೆಯ ಮಾತುಕತೆ ಎದ್ದಾಗ. ಹಿರಿಯರು ಕೊಡುವ ಉತ್ತರ ಚಿಕ್ಕದು: "ಅವರು ಜಗಳವಾಡಿ ಬಿಟ್ಟುಹೋದವರು." ಜಗಳವಾಡಿದ್ದು ನಿಜ, ಬಿಟ್ಟುಹೋದದ್ದೂ ನಿಜ. ಆದರೆ ಜಗಳ ಯಾವುದಕ್ಕಾಗಿ, ಅದರಲ್ಲಿ ಇನ್ನೊಂದು ಪಕ್ಷ ಯಾರದು ಎಂಬುದನ್ನು ಆ ಉತ್ತರ ಹೇಳುವುದಿಲ್ಲ. ಆ ಇನ್ನೊಂದು ಪಕ್ಷ ನಾವೇ. ಆದುದರಿಂದ ಈ ವಾರ ಆ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ನಮಗೆ ತೋರಿದೆ.

ಕರಾವಳಿಯ ಕೊಂಕಣಿ ಕ್ರೈಸ್ತರು ವಲಸೆ ಬಂದ ಜನ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಅವರು ಅಲೆಅಲೆಯಾಗಿ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದರು. ಬರಗಾಲ, ತೆರಿಗೆಯ ಭಾರ, ಮರಾಠರ ದಾಳಿ, ಪೋರ್ಚುಗೀಸರ ಧರ್ಮವಿಚಾರಣೆಯ ಭಯ ಎಲ್ಲವೂ ಅವರನ್ನು ಎಬ್ಬಿಸಿದವು. ಅವರಿಗೆ ನೆಲ ಕೊಟ್ಟು ನಿಲ್ಲಿಸಿದವರಲ್ಲಿ ನಮ್ಮ ಮಲೆನಾಡಿನ ಕೆಳದಿಯ ಅರಸರು ಮುಖ್ಯರು. ಗದ್ದೆ ಮಾಡುವ ಕೈಗಳು ಆ ಅರಸರಿಗೆ ಬೇಕಾಗಿದ್ದವು. 1678ರಲ್ಲಿ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದ ಮೇರೆಗೆ ಕರಾವಳಿಯ ಕೆಲವೆಡೆ ದೇವಾಲಯ ಕಟ್ಟಲು ಅನುಮತಿ ದೊರೆಯಿತು. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯ ಹುಟ್ಟಿದ್ದು ಆ ವರ್ಷವೇ. ಲಿಂಗಾಯತ ರಾಣಿಯೊಬ್ಬಳು ಕೊಟ್ಟ ನೆಲೆಯಲ್ಲಿ ಆರಂಭವಾದ ಆ ದೇವಾಲಯ ಇಂದು ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವಾಗಿದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ.

ವಲಸೆ ಬಂದವರು ಮನೆಮಠ ಬಿಟ್ಟರೂ ಗುರುಗಳನ್ನು ಬಿಡಲಿಲ್ಲ. ಅವರಿಗೆ ಪೂಜೆ ಮಾಡಿಸಿ, ಜ್ಞಾನಸ್ನಾನ ಕೊಟ್ಟು, ಸತ್ತವರನ್ನು ಮಣ್ಣು ಮಾಡಿದವರು ಗೋವೆಯಿಂದ ಬಂದ ಗುರುಗಳು. ಅವರದೇ ಬಣ್ಣ, ಅವರದೇ ಮಾತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದು, 1799ರ ನಂತರ ಬದುಕುಳಿದವರು ಹಿಂದಿರುಗಿದಾಗ ಮುರಿದ ದೇವಾಲಯಗಳನ್ನು ಮತ್ತೆ ಎತ್ತಿಸಲು ನೆರವಾದವರೂ ಗೋವೆಯ ಗುರುಗಳೇ. ಈ ಸಂಬಂಧ ನೂರಾರು ವರ್ಷಗಳ ಋಣದ ಸಂಬಂಧ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಕಥೆಯನ್ನು ಓದಿದರೆ ಅದು ಬರಿಯ ಹಟದಂತೆ ಕಾಣುತ್ತದೆ.

ಇನ್ನು ಆಡಳಿತದ ಮಾತು. ಪೋರ್ಚುಗಲ್ಲಿನ ರಾಜನಿಗೆ ರೋಮ್ ಒಂದು ವಿಶೇಷ ಅಧಿಕಾರವನ್ನು ಕೊಟ್ಟಿತ್ತು. ಪೂರ್ವದೇಶಗಳಲ್ಲಿ ಅವನು ದೇವಾಲಯಗಳನ್ನು ಕಟ್ಟಿಸಬೇಕು, ಗುರುಗಳನ್ನು ಸಾಕಬೇಕು. ಪ್ರತಿಯಾಗಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಅವನದು. ಇದಕ್ಕೆ ಪದ್ರುವಾದೊ ಎಂದು ಹೆಸರು. ಕಾಲ ಕಳೆದಂತೆ ಪೋರ್ಚುಗಲ್ಲಿನ ಬಲ ಕುಗ್ಗಿತು, ಹೊಣೆ ಹೊರುವ ಶಕ್ತಿ ಹೋಯಿತು, ಹಕ್ಕು ಮಾತ್ರ ಉಳಿಯಿತು. 1622ರಲ್ಲಿ ರೋಮ್ ತಾನೇ ಪ್ರೊಪಗಾಂಡಾ ಎಂಬ ಸಂಸ್ಥೆಯನ್ನು ಸ್ಥಾಪಿಸಿ ನೇರವಾಗಿ ಗುರುಗಳನ್ನು ಕಳುಹಿಸತೊಡಗಿತು. ಹೀಗೆ ಒಂದೇ ನೆಲದಲ್ಲಿ, ಒಂದೇ ವಿಶ್ವಾಸದ, ಒಂದೇ ಪೂಜಾವಿಧಿಯ ಜನರಿಗೆ ಇಬ್ಬರು ಯಜಮಾನರು. ಬಹುಮಟ್ಟಿಗೆ ಒಂದು ಪಕ್ಷದಲ್ಲಿ ಕಂದುಬಣ್ಣದ ಗೋವೆಯ ಗುರುಗಳು, ಇನ್ನೊಂದರಲ್ಲಿ ಯೂರೋಪಿನ ಬಿಳಿಯ ಗುರುಗಳು. ಕೆನರಾದಲ್ಲಿಯೂ ಊರುಗಳು ಇಬ್ಭಾಗವಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ಗೋವೆಯನ್ನು ಬಿಟ್ಟು ರೋಮಿನ ನೇರ ಆಡಳಿತವನ್ನು ಒಪ್ಪಿಕೊಂಡರೆ, ಕಲ್ಯಾಣಪುರ ಮೊದಲಾದೆಡೆ ಕೆಲವರು ಗೋವೆಯ ಮಹಾಧರ್ಮಾಧ್ಯಕ್ಷರ ಅಧೀನದಲ್ಲಿಯೇ ಉಳಿದರು. ನೆಂಟರು ನೆಂಟರ ಮನೆಯ ಮದುವೆಗೆ ಹೋಗಲು ಹಿಂಜರಿದ ಕಾಲವದು.

ಈ ಎರಡು ಆಳ್ವಿಕೆಯನ್ನು ಕೊನೆಗಾಣಿಸಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1886ರಲ್ಲಿ ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು, ಅದೇ ವರ್ಷದ ಸೆಪ್ಟೆಂಬರ್ 1ರಂದು ಭಾರತಕ್ಕೆ ಕ್ರಮಬದ್ಧವಾದ ಧರ್ಮಪ್ರಾಂತ್ಯಗಳನ್ನು ಏರ್ಪಡಿಸಿದರು. ಮಂಗಳೂರು ಧರ್ಮಪ್ರಾಂತ್ಯವಾಯಿತು. ಅಲ್ಲಿಗೆ 1878ರ ಕೊನೆಯಲ್ಲಿಯೇ ಯೇಸುಸಭೆಯ ಗುರುಗಳು ಬಂದಿದ್ದರು. ಅವರು ಮಾಡಿದ ವಿದ್ಯಾದಾನದ ಫಲವನ್ನು ಇಂದಿಗೂ ನಾವೆಲ್ಲ ಉಣ್ಣುತ್ತಿದ್ದೇವೆ. ಗೋವೆಯ ಅಧೀನದಲ್ಲಿ ಉಳಿದಿದ್ದ ಕಲ್ಯಾಣಪುರದ ಕಡೆಯ ದೇವಾಲಯಗಳನ್ನು ಮಂಗಳೂರಿಗೆ ಸೇರಿಸಲಾಯಿತು. ಕಾಗದದ ಮೇಲೆ ಇದು ಬುದ್ಧಿವಂತಿಕೆಯ ತೀರ್ಮಾನ. ನಾವೂ ಅದನ್ನು ತಪ್ಪೆನ್ನುವುದಿಲ್ಲ. ಒಂದು ಊರಿಗೆ ಒಬ್ಬನೇ ಕುರುಬನಿರಲಿ ಎಂಬುದು ಹಳೆಯ ನ್ಯಾಯ. ಆದರೆ ಆ ದೇವಾಲಯಗಳನ್ನು ಕಟ್ಟಿದವರ, ಅವುಗಳ ಗುರ್ಕಾರರಾಗಿ ಲೆಕ್ಕವಿಟ್ಟವರ, ಅವುಗಳ ಅಂಗಳದಲ್ಲಿ ತಂದೆತಾಯಿಗಳನ್ನು ಹೂಳಿದವರ ಮಾತನ್ನು ಕೇಳಿ ಆದದ್ದಲ್ಲ ಈ ತೀರ್ಮಾನ. ರಾಜನಿಗೂ ರೋಮಿಗೂ ನಡುವೆ ಒಪ್ಪಂದವಾಯಿತು. ಜನರಿಗೆ ಫಲಿತಾಂಶವನ್ನು ಓದಿ ಹೇಳಲಾಯಿತು. ಗೋವೆಯ ಗುರುಗಳನ್ನು ನಮಗೆ ಬಿಟ್ಟುಕೊಡಿ ಎಂದು ಕರಾವಳಿಯಿಂದಲೂ ಸಿಂಹಳದಿಂದಲೂ ಮನವಿಗಳು ಹೋದವು. ಅವು ಫಲಿಸಲಿಲ್ಲ.

ಆಗ ಮುಂದೆ ಬಂದವರು ಅಂತೋನಿಯೊ ಫ್ರಾನ್ಸಿಸ್ಕೊ ಷಾವಿಯೆರ್ ಆಲ್ವಾರಿಸ್. ಗೋವೆಯ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿ, 1862ರಲ್ಲಿ ಗುರುದೀಕ್ಷೆ ಪಡೆದವರು. ಕಲಿತವರು, ಕೈಯಲ್ಲಿ ಲೇಖನಿ ಹಿಡಿದವರು, ಪತ್ರಿಕೆಗಳನ್ನು ನಡೆಸಿದವರು, ಸುಮ್ಮನಿರಲಾರದವರು. ಕಾಲರಾ ಬಂದಾಗ ರೋಗಿಗಳ ಬಳಿಯಲ್ಲಿ ಕುಳಿತು, ಅದನ್ನು ತಡೆಯುವ ಬಗೆಯನ್ನು ಅಚ್ಚುಮಾಡಿಸಿ ಹಂಚಿದವರು. ಸರ್ಕಾರವನ್ನೂ ಸಭೆಯ ಆಡಳಿತವನ್ನೂ ಒಟ್ಟಿಗೆ ಟೀಕಿಸಿ ಎರಡರ ಕೋಪಕ್ಕೂ ಗುರಿಯಾದರು. ಕೊನೆಗೆ ಕಥೋಲಿಕ ಸಭೆಯನ್ನು ಬಿಟ್ಟು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆಯನ್ನು ಸೇರಿದರು. 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಅವರಿಗೆ ಮಾರ್ ಯೂಲಿಯೋಸ್ ಎಂಬ ಹೆಸರಿನಲ್ಲಿ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ದೀಕ್ಷೆ ಕೊಟ್ಟವರಲ್ಲಿ ಪರುಮಲದ ಮಾರ್ ಗ್ರೆಗೋರಿಯೋಸ್ ಅವರೂ ಇದ್ದರು. ಇಂದು ಆರ್ಥೊಡಾಕ್ಸ್ ಬಂಧುಗಳು ಸಂತರೆಂದು ಪೂಜಿಸುವ, ನಮ್ಮ ಕೇರಳದ ಕಥೋಲಿಕರೂ ಗೌರವದಿಂದ ನೆನೆಯುವ ಮಹನೀಯರು ಅವರು.

ಆಲ್ವಾರಿಸರ ಜೊತೆ ನಿಂತ ಇನ್ನೊಬ್ಬ ಗೋವೆಯ ಪರಂಪರೆಯ ಗುರು ರೋಕ್ ಜೆಫ್ರಿನ್ ನೊರೊನ್ಹಾ. ಆಲ್ವಾರಿಸರು ಊರೂರು ತಿರುಗಿದರೆ ನೊರೊನ್ಹಾ ಬ್ರಹ್ಮಾವರದಲ್ಲಿ ನೆಲೆನಿಂತರು. ಚಳವಳಿಗಳ ಚರಿತ್ರೆಯಲ್ಲಿ ತಿರುಗುವವರಿಗೆ ಹೆಸರು, ನಿಲ್ಲುವವರಿಗೆ ಕೆಲಸ. ಆರಂಭದಲ್ಲಿ ಬಹಳ ಮಂದಿ ಅವರ ಜೊತೆ ಹೋದರು. ಬಹಿಷ್ಕಾರದ ಬಿಸಿ ತಟ್ಟಿದ ಮೇಲೆ, ನೆಂಟಸ್ತಿಕೆಯ ಎಳೆತಕ್ಕೆ ಸಿಕ್ಕಿ, ಬಹಳ ಮಂದಿ ಹಿಂದಿರುಗಿದರು. ಉಳಿದವರನ್ನು ಹಿಡಿದು ನೊರೊನ್ಹಾ ದೇವಾಲಯ ನಡೆಸಿದರು, ಶಾಲೆ ನಡೆಸಿದರು, ಬಡವರನ್ನು ನೋಡಿಕೊಂಡರು. 1936ರ ಜುಲೈಯಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಅರ್ಧ ಶತಮಾನ, ಅವರು ಆ ಜನರನ್ನು ಬಿಟ್ಟುಹೋಗಲಿಲ್ಲ. ಬ್ರಹ್ಮಾವರದಲ್ಲಿ ಇಂದು ಎಸ್.ಎಂ.ಎಸ್. ಎಂದು ಜನ ಕರೆಯುವ ಕಾಲೇಜು ಸಂತ ಮೇರಿ ಸಿರಿಯನ್ ಕಾಲೇಜು. ಆ ಬೇರಿನಿಂದ ಚಿಗುರಿದ್ದು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ಓದುಗರಲ್ಲಿ ನಮ್ಮ ಕೋರಿಕೆ. ಸಿರಿಯನ್ ಸಭೆಯನ್ನು ಸೇರಿದ ಈ ಜನ ಸಿರಿಯನ್ ಪೂಜಾವಿಧಿಗೆ ಹಾರಲಿಲ್ಲ. ತಾವು ಹುಟ್ಟಿನಿಂದ ಕಂಡಿದ್ದ ಲತೀನ್ ಪೂಜಾವಿಧಿಯನ್ನೇ ಇಟ್ಟುಕೊಳ್ಳಲು ಅನುಮತಿ ಪಡೆದು ಹಾಗೆಯೇ ನಡೆಸಿದರು. ವಿಶ್ವಾಸಪ್ರಮಾಣದಲ್ಲಿಯೋ ಪೂಜೆಯಲ್ಲಿಯೋ ಬೇಸರಪಟ್ಟು ಮನೆ ಬಿಟ್ಟವರು ಹೀಗೆ ಮಾಡುವುದಿಲ್ಲ. ಅವರಿಗೆ ಬೇಕಾಗಿದ್ದುದು ಹಳೆಯ ಪೂಜೆ, ಹಳೆಯ ಗುರುಗಳು, ತಮ್ಮ ದೇವಾಲಯದ ಮೇಲೆ ತಮ್ಮ ಮಾತಿಗೆ ಒಂದಿಷ್ಟು ಬೆಲೆ. ಅದನ್ನು ಉಳಿಸಿಕೊಳ್ಳಲಿಕ್ಕಾಗಿ ಸಭೆಯನ್ನೇ ಬದಲಾಯಿಸಿದರು. ಕೊಟ್ಟ ಬೆಲೆ ಬಹಳ ದೊಡ್ಡದಾಯಿತು ಎಂಬುದು ಕಥೋಲಿಕ ಗುರುಗಳಾದ ನಮ್ಮ ಅಭಿಪ್ರಾಯ. ಪೇತ್ರನ ಪೀಠದೊಡನೆ ಐಕ್ಯವನ್ನು ಕಳೆದುಕೊಳ್ಳುವುದು ಆಡಳಿತದ ಜಗಳವೊಂದಕ್ಕೆ ತಕ್ಕ ಔಷಧವಲ್ಲ. ಆದರೆ ರೋಗವೇ ಇರಲಿಲ್ಲವೆಂದು ಹೇಳಲು ನಮ್ಮ ಮನಸ್ಸಾಕ್ಷಿ ಒಪ್ಪದು.

ಆಲ್ವಾರಿಸರನ್ನು ಬಿಳುಪು ಬಳಿದು ತೋರಿಸುವ ಅಗತ್ಯವೂ ಇಲ್ಲ. 1892ರ ಮೇ 29ರಂದು ಕೊಲಂಬೊದಲ್ಲಿ ಅವರು ಜೋಸೆಫ್ ರೆನೆ ವಿಲಾತ್ ಎಂಬವರಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು. ಈತ ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ ಬೆಲ್ಜಿಯಮ್ಮಿನಿಂದ ವಲಸೆ ಹೋಗಿದ್ದ ರೈತರ ನಡುವೆ ಕೆಲಸ ಮಾಡಿದವನು. ಮುಂದೆ ಯಾವ ಸಭೆಯಲ್ಲಿಯೂ ಸ್ಥಿರವಾಗಿ ನಿಲ್ಲದೆ ಅಲ್ಲಲ್ಲಿ ಧರ್ಮಾಧ್ಯಕ್ಷ ದೀಕ್ಷೆಗಳನ್ನು ಕೊಡುತ್ತಾ ಹೋದನು. ಇಂದು ಅಮೆರಿಕೆಯಲ್ಲಿ ಚಿಕ್ಕಪುಟ್ಟ ಸ್ವತಂತ್ರ ಸಭೆಗಳು ಅನೇಕವು ತಮ್ಮ ದೀಕ್ಷಾಪರಂಪರೆಯನ್ನು ಆಲ್ವಾರಿಸರವರೆಗೆ ಒಯ್ಯುತ್ತವೆ. ದೂರದಿಂದ ಬಂದವನ ಮಾತನ್ನು ಬೇಗ ನಂಬಿದ ಫಲವಿದು. ಮತ್ತೊಂದು ಕಡೆ, ಅದೇ ಆಲ್ವಾರಿಸರನ್ನು 1895ರಲ್ಲಿ ಗೋವೆಯ ಪೋರ್ಚುಗೀಸ್ ಸರ್ಕಾರ ಬಂಧಿಸಿ ಮೈಮೇಲಿನ ಧರ್ಮಾಧ್ಯಕ್ಷ ಉಡುಪನ್ನು ಕಳಚಿಸಿ ಅವಮಾನಪಡಿಸಿತು. ಅವರು ಊರು ಬಿಡಲಿಲ್ಲ. ಪಣಜಿಯ ಬಡವರ, ರೋಗಿಗಳ ಸೇವೆಯಲ್ಲಿಯೇ ಮುದುಕರಾದರು. 1923ರ ಸೆಪ್ಟೆಂಬರ್ 23ರಂದು ರಿಬಂದರ್ ಆಸ್ಪತ್ರೆಯಲ್ಲಿ ಸತ್ತಾಗ ಶವದ ಹಿಂದೆ ನಡೆದವರಲ್ಲಿ ಹೆಚ್ಚಿನವರು ಬಡವರು. ಅವರ ಅಸ್ಥಿಗಳು ಈಗ ರಿಬಂದರಿನ ಆರ್ಥೊಡಾಕ್ಸ್ ದೇವಾಲಯದಲ್ಲಿವೆ.

ಅಮೆರಿಕೆಯ ಮಾತು ಬಂತು. ಆಲ್ವಾರಿಸರಿಗೆ ದೀಕ್ಷೆಯಾದ ಆ 1889ನೆಯ ಇಸವಿಯಲ್ಲಿಯೇ, ಭೂಮಿಯ ಇನ್ನೊಂದು ಬದಿಯಲ್ಲಿ, ಇಂಥದೇ ಒಂದು ಘಟನೆ ನಡೆಯಿತು. ಇಂದಿನ ಉಕ್ರೇನಿನ ಪಶ್ಚಿಮಕ್ಕಿರುವ ಕಾರ್ಪಾಥಿಯನ್ ಬೆಟ್ಟಗಳ ಸುತ್ತಿನಿಂದ ಬಡ ರೈತರು ಅಮೆರಿಕಕ್ಕೆ ಹೋಗುತ್ತಿದ್ದರು. ಅವರು ರೋಮಿನೊಡನೆ ಐಕ್ಯದಲ್ಲಿದ್ದ ಗ್ರೀಕ್ ವಿಧಿಯ ಕಥೋಲಿಕರು. ಅವರಲ್ಲಿ ವಿವಾಹಿತರೂ ಗುರುಗಳಾಗುವುದು ಪುರಾತನ ಪದ್ಧತಿ. ರೋಮ್ ಅದನ್ನು ಒಪ್ಪಿಕೊಂಡಿತ್ತು. ಮಿನಿಯಾಪೊಲಿಸ್ ನಗರದಲ್ಲಿ ಅವರು ಸ್ವಂತ ದುಡಿಮೆಯಿಂದ ಮರಿಯಮ್ಮನವರ ಹೆಸರಿನಲ್ಲಿ ದೇವಾಲಯ ಕಟ್ಟಿಕೊಂಡು, ಊರಿನಿಂದ ಅಲೆಕ್ಸಿಸ್ ತೋತ್ ಎಂಬ ಗುರುವನ್ನು ಕರೆಸಿಕೊಂಡರು. ಈತ ವಿಧುರ. ಪದ್ಧತಿಯಂತೆ ಸ್ಥಳೀಯ ಲತೀನ್ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಅವರನ್ನು ಕಾಣಲು ಡಿಸೆಂಬರಿನಲ್ಲಿ ಕಾಗದಪತ್ರ ಹಿಡಿದು ಹೋದನು. ತೋತ್ ತಾನೇ ಹೇಳಿಕೊಂಡ ಪ್ರಕಾರ, ಮಹಾಧರ್ಮಾಧ್ಯಕ್ಷರು ಅವನನ್ನು ಗುರುವೆಂದೇ ಒಪ್ಪಲಿಲ್ಲ, ಕೆಲಸ ಮಾಡಲು ಅನುಮತಿ ಕೊಡಲಿಲ್ಲ. 1891ರ ಮಾರ್ಚ್ ತಿಂಗಳಲ್ಲಿ ತೋತ್ ತನ್ನ 361 ಮಂದಿ ಭಕ್ತರೊಡನೆ ರಷ್ಯನ್ ಆರ್ಥೊಡಾಕ್ಸ್ ಸಭೆಯನ್ನು ಸೇರಿದನು. ಅವನ ಹಿಂದೆ ಸಾವಿರಾರು ಜನ ಹೋದರು. ಅಮೆರಿಕೆಯ ಆರ್ಥೊಡಾಕ್ಸ್ ಸಭೆ 1994ರಲ್ಲಿ ಅವನನ್ನು ಸಂತನೆಂದು ಸಾರಿತು.

ಅದೇ 1891ರಲ್ಲಿ ಇಬ್ಬರು ಉಕ್ರೇನಿಯನ್ ರೈತರು ಕೆನಡಾಕ್ಕೆ ಹೋಗಿ ನೋಡಿದರು. ಅವರ ಹಿಂದೆ ದೊಡ್ಡ ವಲಸೆ ಆರಂಭವಾಯಿತು. ಆಲ್ಬರ್ಟಾದ ಬಯಲಿನಲ್ಲಿ, ಗುರುಗಳಿಲ್ಲದೆ, ಚಳಿಯಲ್ಲಿ, ಮರ ಕಡಿದು ಮನೆ ಕಟ್ಟಿಕೊಳ್ಳುತ್ತಿದ್ದ ಅವರ ಬಳಿಗೆ 1897ರಲ್ಲಿ ರಷ್ಯನ್ ಆರ್ಥೊಡಾಕ್ಸ್ ಗುರುಗಳು ಬಂದರು. ಸ್ಟಾರ್ ಎಂಬ ಹಳ್ಳಿಯಲ್ಲಿ ಊರವರೆಲ್ಲ ಸೇರಿ ಕಟ್ಟಿದ ದೇವಾಲಯ ಕಥೋಲಿಕರದೋ ಆರ್ಥೊಡಾಕ್ಸರದೋ ಎಂಬ ವ್ಯಾಜ್ಯ ಹುಟ್ಟಿ, ಕೆನಡಾದ ನ್ಯಾಯಾಲಯಗಳನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1907ರಲ್ಲಿ ಆರ್ಥೊಡಾಕ್ಸರಿಗೆ ಅನುಕೂಲವಾಗಿ ಮುಗಿಯಿತು. ಮರದ ತುಂಡುಗಳಿಂದ ಕಟ್ಟಿದ ಒಂದು ಹಳ್ಳಿಯ ದೇವಾಲಯಕ್ಕಾಗಿ ಸಮುದ್ರದಾಚೆಯ ನ್ಯಾಯಾಸನ! ಉಕ್ರೇನಿಯನ್ ಕಥೋಲಿಕರಿಗೆ ಅವರದೇ ಆದ ಧರ್ಮಾಧ್ಯಕ್ಷರು ಕೆನಡಾಕ್ಕೆ ಬಂದದ್ದು 1912ರಲ್ಲಿ. 1918ರಲ್ಲಿ ಅವರಲ್ಲಿ ಒಂದು ಗುಂಪು ಬೇರ್ಪಟ್ಟು ಸ್ವಂತ ಆರ್ಥೊಡಾಕ್ಸ್ ಸಭೆಯನ್ನೇ ಸ್ಥಾಪಿಸಿಕೊಂಡಿತು.

ಬ್ರಹ್ಮಾವರದ ಕೊಂಕಣಿಗರಿಗೂ ಆಲ್ಬರ್ಟಾದ ಉಕ್ರೇನಿಯನ್ನರಿಗೂ ಪರಸ್ಪರ ಹೆಸರು ಕೂಡ ತಿಳಿದಿರಲಿಲ್ಲ. ಆದರೂ ಎರಡು ಕಡೆಯೂ ನಡೆದದ್ದು ಒಂದೇ. ವಲಸೆ ಬಂದ ಜನ. ತಮ್ಮ ಗುರು, ತಮ್ಮ ಮಾತು, ತಮ್ಮ ರೂಢಿ. ಅದನ್ನು ತೊಡಕೆಂದು ಎಣಿಸಿದ ಮೇಲಿನವರು. ಕೊನೆಗೆ ಆರ್ಥೊಡಾಕ್ಸ್ ಹೆಸರಿನ ಒಂದು ದೇವಾಲಯ. ನಮ್ಮ ಗುರುಮಠದ ದಿನಗಳಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಭಿನ್ನಮತಕ್ಕೂ ಸಭಾಭೇದಕ್ಕೂ ಇರುವ ವ್ಯತ್ಯಾಸವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಭಿನ್ನಮತ ವಿಶ್ವಾಸಕ್ಕೆ ವಿರುದ್ಧವಾದ ಪಾಪ; ಸಭಾಭೇದ ಪ್ರೀತಿಗೆ ವಿರುದ್ಧವಾದ ಪಾಪ. ಈ ವಿಂಗಡಣೆಯನ್ನು ನಾವು ಬಿಟ್ಟುಹೋದವರ ಮೇಲೆ ಮಾತ್ರ ಪ್ರಯೋಗಿಸುತ್ತಾ ಬಂದಿದ್ದೇವೆ. ಪ್ರೀತಿಯ ಲೋಪವೇ ಅಪರಾಧವಾದರೆ ವಿಚಾರಣೆಗೆ ಇಬ್ಬರನ್ನೂ ಕರೆಯಬೇಕಾಗುತ್ತದೆ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತರ ಐಕ್ಯದ ಕುರಿತಾದ ತನ್ನ ತೀರ್ಪಿನಲ್ಲಿ, ಹಿಂದಿನ ಒಡಕುಗಳಲ್ಲಿ ಎರಡು ಕಡೆಯ ಜನರ ದೋಷವೂ ಇದ್ದುದನ್ನು ಒಪ್ಪಿಕೊಂಡಿತು.

ಇನ್ನೂ ವಿಚಿತ್ರವಾದ ಮಾತಿದೆ. 1886ರಲ್ಲಿ ಯಾವುದನ್ನು ರೋಗವೆಂದು ತಿಳಿದು ಕತ್ತರಿಸಲಾಯಿತೋ, ಆ ಎರಡು ಆಳ್ವಿಕೆ ಇಂದು ನಮ್ಮ ಅಂಗಳದಲ್ಲಿಯೇ ನೆಮ್ಮದಿಯಾಗಿದೆ. ಶಿವಮೊಗ್ಗೆಯ ನಮ್ಮ ಲತೀನ್ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಅದೇ ಜಿಲ್ಲೆಯ ಭದ್ರಾವತಿಯಲ್ಲಿ 2007ರಲ್ಲಿ, ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿಗಾಗಿ, ಸಿರೋ ಮಲಬಾರ್ ವಿಧಿಯ ಧರ್ಮಪ್ರಾಂತ್ಯವಾಯಿತು. ಪುತ್ತೂರಿನಲ್ಲಿ 2010ರಲ್ಲಿ ಸಿರೋ ಮಲಂಕರ ವಿಧಿಯದು. ದಿವಂಗತ ಜಗದ್ಗುರು ಫ್ರಾನ್ಸಿಸರು 2017ರ ಅಕ್ಟೋಬರಿನಲ್ಲಿ ಭಾರತದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಥೋಲಿಕ ಆಡಳಿತಗಳಿರುವುದನ್ನು ಇನ್ನು ಸಮಸ್ಯೆಯೆಂದು ಭಾವಿಸಬಾರದೆಂದು ತಿಳಿಸಿದರು. 2014ರಲ್ಲಿ ಅವರ ಕಾಲದಲ್ಲಿಯೇ, ವಲಸೆಯ ನಾಡುಗಳಲ್ಲಿ ಪೂರ್ವವಿಧಿಯ ವಿವಾಹಿತ ಗುರುಗಳಿಗೆ ಇದ್ದ ಹಳೆಯ ತಡೆಯೂ ತೆಗೆಯಲ್ಪಟ್ಟಿತು. ತೋತ್ ಮಹಾಧರ್ಮಾಧ್ಯಕ್ಷರ ಕೊಠಡಿಯಿಂದ ಹೊರಬಂದು 125 ವರ್ಷಗಳಾಗುತ್ತ ಬಂದಿದ್ದವು.

ಪದ್ರುವಾದೊ ಜಗಳ ಒಂದೇ ವಿಧಿಯವರ ಜಗಳ, ಭದ್ರಾವತಿಯದು ಬೇರೆ ವಿಧಿಯ ವ್ಯವಸ್ಥೆ, ಎರಡನ್ನೂ ಹೋಲಿಸಬಾರದು ಎಂದು ಧರ್ಮನ್ಯಾಯ ತಿಳಿದವರು ಆಕ್ಷೇಪಿಸಬಹುದು. ಕಾನೂನಿನ ಮಟ್ಟಿಗೆ ಆಕ್ಷೇಪ ಸರಿ. ಆದರೆ ಗದ್ದೆಯ ಬದುವಿನಲ್ಲಿ ನಿಂತ ವಿಶ್ವಾಸಿಗೆ ವಿಧಿ, ಅಧಿಕಾರವ್ಯಾಪ್ತಿ ಎಂಬ ಶಬ್ದಗಳು ತಿಳಿಯುವುದಿಲ್ಲ. ಅವನಿಗೆ ತಿಳಿಯುವುದು, ತನ್ನ ತಾಯಿಯ ಕೊನೆಯ ಗಳಿಗೆಯಲ್ಲಿ ಅವಳ ಮಾತಿನಲ್ಲಿ ಪಾಪನಿವೇದನೆ ಕೇಳುವ ಗುರು ಬರುವನೋ ಇಲ್ಲವೋ ಎಂಬುದು. ನಮ್ಮ ಹರಿಹರದಲ್ಲಿ, 1224ರ ಸುಮಾರಿಗೆ ಹೊಯ್ಸಳರ ಮಂತ್ರಿ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ, ಅರ್ಧ ಹರಿ ಅರ್ಧ ಹರನಾದ ಒಂದೇ ಮೂರ್ತಿ ನಿಂತಿದೆ. ನಮ್ಮ ವಿಶ್ವಾಸ ಬೇರೆಯಾದರೂ, ಭಕ್ತರ ಪಂಥಗಳು ಕಾದಾಡಬಾರದೆಂದು ಆ ಕಾಲದವರು ಪಟ್ಟ ಚಿಂತೆ ನಮಗೆ ಅಪರಿಚಿತವಲ್ಲ.

ಈ ಹಳೆಯ ಕಥೆಯನ್ನು ಈಗ ಏಕೆ ಕೆದಕಬೇಕು ಎನ್ನುವವರಿಗೆ ನಮ್ಮ ಧರ್ಮಕೇಂದ್ರಗಳ ಭಾನುವಾರವನ್ನೇ ತೋರಿಸುತ್ತೇವೆ. ದಾವಣಗೆರೆ ಗಿರಣಿಗಳ ಊರಾಗಿತ್ತು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಅವುಗಳ ಜೊತೆ ದೂರದೂರುಗಳ ಕ್ರೈಸ್ತ ಕುಟುಂಬಗಳು ಬಂದವು. ಕಾರ್ಖಾನೆಗಳ ಕಾಲ ಮುಗಿದ ಮೇಲೆ ಕಾಲೇಜುಗಳ ಕಾಲ ಬಂತು. ನರ್ಸಿಂಗ್ ಕಲಿಯಲು ಕೇರಳದ ಹೆಣ್ಣುಮಕ್ಕಳು ಬರುತ್ತಾರೆ. ಕಟ್ಟಡ ಕೆಲಸಕ್ಕೆ ಬಂದ ತಮಿಳರು, ತೆಲುಗರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ಕೊಂಕಣಿಗರು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರು ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಬಲಿಪೂಜೆ ಕನ್ನಡದಲ್ಲಿ ನಡೆಯಬೇಕೆಂಬುದು ನಮ್ಮ ದೃಢವಾದ ನಿಲುವು. ಈ ನಾಡಿನ ಮಾತಿನಲ್ಲಿ ಪ್ರಾರ್ಥಿಸದ ಸಭೆ ಈ ನಾಡಿಗೆ ಪರಕೀಯವಾಗಿಯೇ ಉಳಿಯುತ್ತದೆ. ಆದರೆ ತಿಂಗಳಿಗೊಂದು ಮಧ್ಯಾಹ್ನ ತಮ್ಮ ಮಾತಿನಲ್ಲಿ ಜಪಸರ ಹೇಳಿಕೊಳ್ಳಲು ಜಾಗ ಕೇಳುವ ಹತ್ತು ಕುಟುಂಬಗಳಿಗೆ, "ನಿಮ್ಮ ಭಾಷೆ ನಿಮ್ಮ ಮನೆಯಲ್ಲಿರಲಿ" ಎಂದು ಉತ್ತರಿಸುವ ಧ್ವನಿ ನಮ್ಮ ನಾಡಿನ ಧರ್ಮಕೇಂದ್ರಗಳಲ್ಲಿ ಕೇಳಿಬರುತ್ತದೆ. ಆ ಧ್ವನಿ ಕನ್ನಡವನ್ನು ಉಳಿಸುವುದಿಲ್ಲ. ಜಾಗ ಸಿಗದವರು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುವುದಿಲ್ಲ. ಬಾಡಿಗೆಗೆ ಒಂದು ಕೋಣೆ ಹಿಡಿಯುತ್ತಾರೆ. ಸ್ಟಾರ್ ಹಳ್ಳಿಗೆ ರಷ್ಯನ್ ಗುರುಗಳು ಬಂದಂತೆ, ಆ ಕೋಣೆಗೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಭಾಷೆಯ ಹೆಸರಿನಲ್ಲಿ ದೇವಾಲಯಗಳ ಬಾಗಿಲಲ್ಲಿ ನಡೆದ ಜಟಾಪಟಿಗಳನ್ನು ರಾಜಧಾನಿಯಲ್ಲಿ ನಾವೆಲ್ಲ ನೋಡಿದ್ದೇವೆ. ನಮ್ಮ ಊರಿನಲ್ಲಿ ಅದಕ್ಕೆ ಎಡೆ ಮಾಡಬೇಕಾಗಿಲ್ಲ. ಹಾಲ್ ಖಾಲಿಯಿರುವ ಮಧ್ಯಾಹ್ನಗಳು ಬೇಕಾದಷ್ಟಿವೆ. ಬೀಗದ ಕೈಯನ್ನು ಯಾರ ಹತ್ತಿರ ಕೊಡಬೇಕೆಂಬುದನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತು ಒಂದೇ ಸಭೆಯಲ್ಲಿ ತೀರ್ಮಾನಿಸಬಹುದು.

ಇನ್ನು ಬ್ರಹ್ಮಾವರದ ಬಂಧುಗಳ ವಿಷಯ. ನಾವು ಇನ್ನೂ ಒಂದಾಗಿಲ್ಲ. ಆದರೆ 1889ರಲ್ಲಿ ಇದ್ದ ಸ್ಥಿತಿಯಲ್ಲಿಯೂ ಇಲ್ಲ. 1990ರ ಜೂನ್ 3ರಂದು ಕಥೋಲಿಕ ಸಭೆಯೂ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಯೂ ಕ್ರಿಸ್ತರ ಕುರಿತಾದ ವಿಶ್ವಾಸದಲ್ಲಿ ತಮಗೆ ಭೇದವಿಲ್ಲವೆಂದು ಒಮ್ಮತದ ಹೇಳಿಕೆ ಪ್ರಕಟಿಸಿದವು. ಹದಿನೈದು ಶತಮಾನಗಳ ಹಿಂದಿನ ಖಲ್ಸೆದೋನ್ ಮಹಾಸಭೆಯ ಕಾಲದ ವಾದವೊಂದು ಅಲ್ಲಿಗೆ ಶಾಂತವಾಯಿತು. 2023ರ ಸೆಪ್ಟೆಂಬರಿನಲ್ಲಿ ಆ ಸಭೆಯ ಪರಮಾಧ್ಯಕ್ಷರಾದ ಮೂರನೆಯ ಮಾರ್ಥೋಮಾ ಮ್ಯಾಥ್ಯೂಸ್ ಅವರು ವ್ಯಾಟಿಕನ್ನಿಗೆ ಹೋಗಿ ಜಗದ್ಗುರುಗಳನ್ನು ಕಂಡರು. ಆಲ್ವಾರಿಸರು ಸತ್ತು ನೂರು ವರ್ಷ ತುಂಬಿದ ತಿಂಗಳು ಅದು. ಕೇರಳದ ಇನ್ನೊಂದು ಶಾಖೆಯಾದ, ಅಂತಿಯೋಕ್ಯದ ಪಿತೃಪ್ರಧಾನರ ಅಧೀನದ ಸಿರಿಯನ್ ಸಭೆಯೊಡನೆ ಅಂತರಸಭಾ ವಿವಾಹಗಳ ಕುರಿತು 1994ರಲ್ಲಿ ಒಪ್ಪಂದವೇ ಆಗಿದೆ. ಬ್ರಹ್ಮಾವರದವರು ಆ ಶಾಖೆಗೆ ಸೇರಿದವರಲ್ಲವಾದುದರಿಂದ ಅದನ್ನು ಇಲ್ಲಿ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಇಂಥದೇ ಒಪ್ಪಂದ ಇವರೊಡನೆಯೂ ಆಗಲೆಂಬುದು ನಮ್ಮ ಆಸೆ.

ಅಲ್ಲಿಯವರೆಗೆ ಮದುವೆಯ ಮಾತುಕತೆಯಲ್ಲಿರುವ ಕುಟುಂಬಗಳು ಅನಗತ್ಯವಾಗಿ ಹೆದರದಿರಲೆಂದು ಕೆಲವು ವಿವರ ಕೊಡುತ್ತೇವೆ. ಬ್ರಹ್ಮಾವರದ ದೇವಾಲಯದಲ್ಲಿ ಆದ ಜ್ಞಾನಸ್ನಾನವನ್ನು ಕಥೋಲಿಕ ಸಭೆ ಜ್ಞಾನಸ್ನಾನವೆಂದೇ ಒಪ್ಪುತ್ತದೆ. ಆ ಮನೆಯ ಹುಡುಗಿ ಸೊಸೆಯಾಗಿ ಬಂದರೆ ಅವಳ ತಲೆಯ ಮೇಲೆ ಮತ್ತೆ ನೀರು ಹೊಯ್ಯಬೇಕೆಂದು ಕೇಳುವುದು ಅಜ್ಞಾನ, ಅವಳ ಮನೆಯವರಿಗೆ ಮಾಡುವ ಅವಮಾನ. ಅವಳು ನಮ್ಮ ಸಭೆಯನ್ನು ಸೇರಲೇಬೇಕೆಂಬ ಕಟ್ಟಳೆಯೂ ಇಲ್ಲ. ಧರ್ಮಾಧ್ಯಕ್ಷರಿಂದ ಅನುಮತಿ ಪಡೆಯಬೇಕು. ಕಥೋಲಿಕ ಪಕ್ಷದವರು ತಮ್ಮ ವಿಶ್ವಾಸವನ್ನು ಉಳಿಸಿಕೊಂಡು ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಲು ಶಕ್ತಿಮೀರಿ ಯತ್ನಿಸುವೆವೆಂದು ಮಾತು ಕೊಡಬೇಕು. ಆ ಮಾತು ಇನ್ನೊಂದು ಪಕ್ಷಕ್ಕೂ ತಿಳಿದಿರಬೇಕು. ಆಸ್ಪತ್ರೆಯಲ್ಲಿ ಕಾಯಿಲೆ ಮಲಗಿದ ಆರ್ಥೊಡಾಕ್ಸ್ ವಿಶ್ವಾಸಿಯೊಬ್ಬರು ತಾವಾಗಿ ಕೇಳಿಕೊಂಡು, ತಕ್ಕ ಸಿದ್ಧತೆಯಲ್ಲಿದ್ದರೆ, ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗ ಈ ಮೂರನ್ನೂ ನಮ್ಮ ಗುರುಗಳು ಕೊಡಬಹುದು. ನರ್ಸಿಂಗ್ ಕಲಿಯುವ ಆರ್ಥೊಡಾಕ್ಸ್ ಹೆಣ್ಣುಮಕ್ಕಳೂ ಇದನ್ನು ತಿಳಿದಿರಲಿ. ಮದುವೆ ನಿಶ್ಚಯವಾದ ಮನೆಯವರು ಬ್ರಹ್ಮಾವರದಿಂದ ಜ್ಞಾನಸ್ನಾನದ ಪತ್ರವನ್ನೂ ಅವಿವಾಹಿತೆಯೆಂಬ ಪತ್ರವನ್ನೂ ಮೂರು ತಿಂಗಳು ಮುಂಚೆ ತಂದುಕೊಟ್ಟರೆ, ಅನುಮತಿಯ ಅರ್ಜಿಯನ್ನು ಶಿವಮೊಗ್ಗೆಗೆ ಕಳುಹಿಸುವ ಕೆಲಸ ನಮ್ಮದು.